ಮನೆ ಬಿಟ್ಟು ಹೋಗದ ಸಹಿ

ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕರೂ ಮಂಗಳಗೌರಿಗೆ ನೆಮ್ಮದಿಯಾಗಲಿಲ್ಲ. ಕಿಟಕಿ ಇದ್ದದ್ದು ಬಲಗಡೆ. ಎಡಗೈ ಪಕ್ಕದಲ್ಲಿ ಕೂರುವವರ ಪಾಲಿಗೆ ಬಂತು. ಅದನ್ನು ಸೆರಗಿನೊಳಗೆ ಎಳೆದುಕೊಂಡು, ನಿದ್ದೆ ಹೋದ ಬೆಕ್ಕಿನ ಮರಿಯನ್ನು ಮುಚ್ಚಿದ ಹಾಗೆ ಮುಚ್ಚಿ, ಚಳ್ಳಕೆರೆ ಬಸ್ ಸ್ಟ್ಯಾಂಡಿನ ಕಡೆ ನೋಡುತ್ತ ಕೂತಳು. ಎಣ್ಣೆ ಮಿಲ್ಲುಗಳಿಂದ ಶೇಂಗಾ ಹಿಂಡಿಯ ಬಿಸಿ ವಾಸನೆ ಬರುತ್ತಿತ್ತು. ಅದರಲ್ಲಿ ಅಣ್ಣ ಸೋಮಶೇಖರಪ್ಪನ ಮಿಲ್ಲಿನದೂ ಸೇರಿರಬೇಕು. ಅವಳ ಸೀರೆಗೂ ಅದೇ ವಾಸನೆ, ತಲೆದಿಂಬಿಗೂ ಅದೇ. ಬೆಳಿಗ್ಗೆ ಅತ್ತಿಗೆ ಸುಲೋಚನಮ್ಮ ರೊಟ್ಟಿ ಬಡಿಯುತ್ತ, ತಲೆ ಎತ್ತದೆ, 'ಮೊಳಕಾಲ್ಮೂರಿಗಾ? ಸೀರೆ ತರೋಕಾ? ಯಾರಿಗೆ?' ಎಂದಿದ್ದಳು. 'ನನಗೇ' ಅಂದದ್ದಕ್ಕೆ ಬಡಿಯುವ ಕೈ ಒಂದು ಗಳಿಗೆ ನಿಂತಿತ್ತು. 'ತಗೊಳ್ಳವ್ವ. ಉಡೋ ವಯಸ್ಸು ಯಾರಿಗೂ ದಾಟಲ್ಲ.' ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು. ಬೈಗುಳವನ್ನು ಮನೆಯಲ್ಲೇ ಬಿಟ್ಟು ಬರಬಹುದು. ಇಂಥ ಮಾತು ಬಸ್ಸನ್ನೂ ಹತ್ತುತ್ತದೆ.

ಪರ್ಸಿನಲ್ಲಿ ಒಂದು ಚೀಟಿ ಇತ್ತು. ನಾಲ್ಕು ನಾಲ್ಕು ಅಕ್ಷರದ ಹತ್ತು ಗುಂಪು, ಅರ್ಥವಿಲ್ಲದ ಅಂಕಿ ಮತ್ತು ಇಂಗ್ಲಿಷ್ ಅಕ್ಷರಗಳು. ಅದು ಓಬಳೇಶನ ಕೀಲಿಯ ಬೆರಳಚ್ಚು, ಅಂದರೆ ಆ ಕೀಲಿಯನ್ನು ಗುರುತಿಸುವ ಅಂಕಿ-ಅಕ್ಷರದ ಸಾಲು. ಮೂರು ವರ್ಷದಿಂದ ಓಬಳೇಶನೂ ಅವಳೂ, ಒಬ್ಬರ ಮುಖ ಇನ್ನೊಬ್ಬರು ಕಾಣದ ಹತ್ತಾರು ಜನರ ಗುಂಪಿನಲ್ಲಿ, ಕಂಪ್ಯೂಟರಿನ ಮಾತುಗಳನ್ನು ಕನ್ನಡಕ್ಕೆ ತರುವ ಕೆಲಸ ಮಾಡುತ್ತಿದ್ದರು. ಕೂಲಿಯಿಲ್ಲದ ಕೆಲಸ. ಯಾರು ಬೇಕಾದರೂ ಬಿಟ್ಟಿಯಾಗಿ ಬಳಸಲಿ ಅಂತ ಮಾಡಿದ್ದು. ಆ ಗುಂಪಿನಲ್ಲಿ ಪ್ರತಿಯೊಬ್ಬರಿಗೂ ಕಂಪ್ಯೂಟರಿನೊಳಗಿನ ಜೋಡಿ ಕೀಲಿ. ಒಂದು ಯಾರಿಗೂ ಕಾಣದ ಹಾಗೆ ಅವರವರ ಮನೆಯಲ್ಲಿ, ಇನ್ನೊಂದು ಎಲ್ಲರೂ ನೋಡಲಿ ಅಂತ ಸಂತೆಯಲ್ಲಿ ತೂಗುಹಾಕಿದ್ದು. ಬಚ್ಚಿಟ್ಟ ಕೀಲಿಯಿಂದ ಸಹಿ ಹಾಕಿ ಕಳಿಸಿದ್ದನ್ನು ತೂಗುಹಾಕಿದ ಕೀಲಿಯಿಂದ ಪರೀಕ್ಷೆ ಮಾಡಿದರೆ, ಸಹಿ ಸರಿ ಇದೆ ಅಂತ ಯಂತ್ರ ಹೇಳುತ್ತದೆ. ಆದರೆ ಓಬಳೇಶ ಅಂತ ಹೆಸರು ಬರೆದು ತೂಗುಹಾಕಿದ ಕೀಲಿ ಓಬಳೇಶನದೇ ಅಂತ ಹೇಳುವವರು ಯಾರು? ಯಂತ್ರ ಹೇಳಲಾರದು. ಅದಕ್ಕೆ ಒಬ್ಬರು ಹೋಗಬೇಕು. ಎದುರು ಕೂತು, ಮುಖ ನೋಡಿ, ಗುರುತಿನ ಚೀಟಿ ನೋಡಿ, ಆ ಅಕ್ಷರಗಳನ್ನು ಅವನ ಬಾಯಿಂದಲೇ ಓದಿಸಿ, ತಮ್ಮ ಚೀಟಿಗೆ ತಾಳೆ ನೋಡಿ, ವಾಪಸು ಬಂದು ಅವನ ಕೀಲಿಯ ಮೇಲೆ ತಮ್ಮ ಸಹಿ ಹಾಕಬೇಕು. ಆಗ ಸಹಿ ಹಾಕಿದವರನ್ನು ನಂಬುವವರು ಅವನನ್ನೂ ನಂಬುತ್ತಾರೆ. ಇದನ್ನು ಮೊದಲ ಸಲ ಓದಿದಾಗ ಮಂಗಳಗೌರಿಗೆ ನಗು ಬಂದಿತ್ತು. ಹೆಣ್ಣು ನೋಡುವ ಮುಂಚೆ ಅಜ್ಜಿ ಅನ್ನುತ್ತಿದ್ದಳು: 'ನಮ್ಮೋರು ಒಬ್ರು ಕಣ್ಣಾರೆ ನೋಡಿ ಬಂದ್ರೆ ಊರೇ ನೋಡಿದಂಗೆ.'

ಆ ಕಣ್ಣುಗಳು ಅವಳಿಗೆ ಗೊತ್ತು. ಉಪ್ಪಿಟ್ಟಿನ ತಟ್ಟೆ ಹಿಡಿದು ನಡುಮನೆಗೆ ಬಂದಾಗ ಮೊದಲು ಮುಖ, ಆಮೇಲೆ ತಟ್ಟೆ, ತಟ್ಟೆ ಹಿಡಿದ ಎಡಗೈ. ಅಲ್ಲಿಗೆ ಕಣ್ಣು ನಿಲ್ಲುತ್ತಿತ್ತು. ಮಣಿಕಟ್ಟಿನಲ್ಲಿ ಹುಟ್ಟಿದ ಬಿಳಿ ಮಚ್ಚೆ ಬೆರಳ ಸಂದಿಗೆ ಇಳಿದು, ಅಂಗೈ ಹಿಂಬದಿಯನ್ನೆಲ್ಲ ನುಂಗಿತ್ತು. ತೊನ್ನು ಅಂತ ಯಾರೂ ಬಾಯಿಬಿಟ್ಟು ಅನ್ನುತ್ತಿರಲಿಲ್ಲ. 'ಊರಿಗೆ ಹೋಗಿ ಹೇಳಿಕಳಿಸ್ತೀವಿ' ಅನ್ನುತ್ತಿದ್ದರು. ಉಪ್ಪಿಟ್ಟು ಮಾತ್ರ ಪೂರ್ತಿ ತಿಂದು ಹೋಗುತ್ತಿದ್ದರು. ಎಷ್ಟೋ ವರ್ಷದ ಮೇಲೆ ಅಪ್ಪ ಊರಿನ ಬಸವಣ್ಣನ ಗುಡಿ ಪಕ್ಕದ ಟೈಪಿಂಗ್ ಶಾಲೆ ಅವಳ ಹೆಸರಿಗೆ ಮಾಡಿ ಸತ್ತ. ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂತು. ಆ ಗಾಜಿನ ಹಿಂದೆ ಕೈ ಇಲ್ಲ, ಬರೀ ಅಕ್ಷರ. ಮೂವತ್ತೆಂಟನೇ ವಯಸ್ಸಿನಲ್ಲಿ ಅವಳು ಮೊದಲ ಸಲ ಕೈಯಿಲ್ಲದೆ ಬದುಕಿದಳು.

'ಟಿಕೆಟ್, ಟಿಕೆಟ್. ಎಲ್ಲಿಗ್ರಿ ಅಕ್ಕಾರೆ?' ಕಂಡಕ್ಟರ್ ಕೇಳಿದ. ದುಡ್ಡು ಕೊಡುವಾಗ ಪರ್ಸು ಜಾರಿ ಎಡಗೈ ಹೊರಗೆ ಬಂತು. ಪಕ್ಕದ ಹೆಂಗಸು ಮಗುವನ್ನು ಎತ್ತಿ ಇನ್ನೊಂದು ತೊಡೆಗೆ ಕೂರಿಸಿಕೊಂಡಳು. ಬಿಸಿಲು ಬೀಳುತ್ತಿತ್ತು, ಅದಕ್ಕೇ ಇರಬೇಕು. ಹಾಗಂತ ಮಂಗಳಗೌರಿ ತನಗೆ ತಾನೇ ಹೇಳಿಕೊಂಡಳು.

ಓಬಳೇಶನ ಪತ್ರ ಅಂದರೆ ಬರೀ ಕೆಲಸ. ಈ ಪದ ಹೀಗಿರಲಿ, ಆ ಪದ ಬೇಡ. ಮಾಡಿದ್ದನ್ನು ಅಳಿಸಿ ಹಿಂದಕ್ಕೆ ಹೋಗುವ ಗುಂಡಿಗೆ ಅವನು 'ಬಿಚ್ಚು' ಅಂತ ಸೂಚಿಸಿದಾಗ ಗುಂಪೆಲ್ಲ ನಕ್ಕಿತ್ತು. 'ನಗಬ್ಯಾಡ್ರಿ, ನಮ್ಮ ಮಗ್ಗದಾಗೆ ತಪ್ಪು ನೇಯ್ದರೆ ಬಿಚ್ಚೋದೇ' ಅಂತ ಅವನು ಬರೆದಿದ್ದ. ರೇಷ್ಮೆ ಸೀರೆಯ ಅಂಚಿನ ನಕ್ಷೆ ಬರೆದು, ಮಗ್ಗದ ಮೇಲಿನ ಜಕಾರ್ಡ್ ಯಂತ್ರದ ರಟ್ಟಿಗೆ ತೂತು ಹೊಡೆದು ಕೊಡುವುದು ಅವನ ಕಸುಬು. ಹಗಲು ಗುಂಡಿಮಗ್ಗ. ಹಳೇ ಕಂಪ್ಯೂಟರ್ ಮನೆಯಲ್ಲಿತ್ತು, ಫೋನಿನ ಲೈನ್ ಇರಲಿಲ್ಲ. ಫ್ಲಾಪಿ ತಗೊಂಡು ಇಂಟರ್ನೆಟ್ ಅಂಗಡಿಗೆ ಹೋಗಿ ಕಳಿಸುತ್ತಿದ್ದ. ಇಷ್ಟು ಬಿಟ್ಟರೆ ಅವನ ಬಗ್ಗೆ ಅವಳಿಗೆ ಗೊತ್ತಿದ್ದದ್ದು ಪತ್ರದ ಕಡೇ ಸಾಲು. 'ಇಲ್ಲಿ ಮೋಡ. ಅಲ್ಲಿ?' ಇಲ್ಲವೇ 'ಇಲ್ಲಿ ಬಿಸಿಲು. ಅಲ್ಲಿ?' ಗುಂಪಿಗೆ ಬರೆದದ್ದರಲ್ಲಿ ಇರುತ್ತಿರಲಿಲ್ಲ, ಅವಳೊಬ್ಬಳಿಗೆ ಬರೆದದ್ದರಲ್ಲಿ ಮಾತ್ರ. ಆ ಸಾಲಿಗೆ ಉತ್ತರ ಬರೆಯಲು ಅವಳು ಬೀದಿಗೆ ಹೋಗಿ ಮೇಲೆ ನೋಡಿ ಬರುತ್ತಿದ್ದಳು. ಚಳ್ಳಕೆರೆಯ ಮೋಡ ನೋಡೋಕೆ ಮಾತ್ರ, ಸುರಿಯೋದು ಬೇರೆಯವರ ಊರಿಗೆ. ಎದುರಿನ ಸೈಕಲ್ ಶಾಪಿನ ಕೆಂಚಣ್ಣ, 'ಏನವ್ವ, ಮುಗಿಲಿಗೂ ಟೈಪಿಂಗ್ ಹೇಳಿಕೊಡ್ತೀಯಾ?' ಅಂತ ಛೇಡಿಸುತ್ತಿದ್ದ.

ಹೋದ ಶ್ರಾವಣದಲ್ಲಿ ಅವನೇ ಬರೆದಿದ್ದ, ಮಂಗಳವಾರ ಚಳ್ಳಕೆರೆಗೆ ಬರ್ತೀನಿ, ನಿಮ್ಮ ಕೀಲಿ ತಾಳೆ ನೋಡೋಣ ಅಂತ. ಅವಳು ಎರಡು ದಿನ ಉತ್ತರ ಬರೆಯಲಿಲ್ಲ. ಕಡೆಗೆ ಬರೆದಳು: ಮಂಗಳವಾರ ನಾನು ಊರಲ್ಲಿ ಇರಲ್ಲ. ಆ ಮಂಗಳವಾರ ಶಾಲೆಯ ಹುಡುಗಿಯರನ್ನು ಕಳಿಸಿ, ಒಳಗಿದ್ದುಕೊಂಡೇ ಶಟರ್ ಎಳೆದು, ಕತ್ತಲಲ್ಲಿ ಕೂತಳು. ಬರಬೇಡ ಅಂದ ಮೇಲೆ ಅವನು ಯಾಕೆ ಬರುತ್ತಾನೆ? ಆದರೂ ಕೂತಳು. ಅವತ್ತು ಸಂಜೆ ಬಂದ ಪತ್ರದಲ್ಲಿ ಅವನ ಕಡೇ ಸಾಲು ತಪ್ಪಾಗಿತ್ತು. 'ಅಲ್ಲಿ ಮೋಡ ಇತ್ತು' ಅಂತ ಬರೆದಿದ್ದ. ಕೈತಪ್ಪಿ ಆಗಿರಬೇಕು ಅಂದುಕೊಂಡಳು. ದೀಪಾವಳಿ ಆದ ಮೇಲೆ ಆ ಸಾಲೇ ನಿಂತುಹೋಯಿತು. ಕೆಲಸ ಬರುತ್ತಿತ್ತು, ಸಹಿ ಸರಿ ಇದೆ ಅಂತ ಯಂತ್ರ ಹೇಳುತ್ತಿತ್ತು. ಆಕಾಶ ಮಾತ್ರ ಇಲ್ಲ. ತಡೆಯಲಾರದೆ ಒಂದು ದಿನ ಬರೆದಳು: ನನ್ನ ಮೇಲೆ ಸಿಟ್ಟಾ? ಅದಕ್ಕೆ ಉತ್ತರ ಬರಲಿಲ್ಲ, ಮರುದಿನದ ಕೆಲಸ ಬಂತು. ಧಾರವಾಡದಿಂದ ಗುಂಪನ್ನು ನಡೆಸುವ ಮಹಾಂತೇಶ ಬರೆದಿದ್ದ: 'ಓಬಳೇಶರ ಕೆಲಸ ಇನ್ನು ನೇರವಾಗಿ ಸೇರಿಸಲು ಬಿಡೋಣ. ಯಾರಾದರೂ ಅವರನ್ನು ಕಂಡು ಸಹಿ ಹಾಕಬೇಕು. ನೀವೇ ಹತ್ತಿರದವರು ಮೇಡಂ.' ಹತ್ತಿರದವರು. ಆ ಪದವನ್ನು ಅವಳು ಎಷ್ಟು ಸಲ ಓದಿದಳೋ.

ಹಾನಗಲ್ ಕ್ರಾಸಿನಲ್ಲಿ ಬಸ್ಸು ಮೊಳಕಾಲ್ಮೂರಿನ ಕಡೆ ತಿರುಗಿತು. ಬೆಟ್ಟದ ಬಂಡೆಗಳು ಒಂದರ ಮೇಲೊಂದು ಕೂತು ಯಾರಿಗೋ ಕಾಯುತ್ತಿದ್ದವು. ಇಳಿದ ಮೇಲೆ ಬೀದಿಯಲ್ಲಿ ಕೇಳಿದರೆ ಒಬ್ಬಾತ, 'ಡಿಜೈನ್ ಓಬಳೇಶ್ ಮನೆನಾ?' ಅಂತ ಅವಳ ಮುಖವನ್ನು ಒಂದು ಥರ ನೋಡಿ, ಓಣಿ ತೋರಿಸಿದ. ಓಣಿಯುದ್ದಕ್ಕೂ ಮನೆಗಳ ಒಳಗಿಂದ ಮಗ್ಗದ ಸದ್ದು. ಅವಳು ಸೆರಗು ಸರಿಮಾಡಿಕೊಂಡಳು. ಕೈ ಒಳಗೆ. ಮೊದಲು ಮುಖ ನೋಡಲಿ, ಕೂರಲಿ, ಅಕ್ಷರ ಓದಲಿ. ಆಮೇಲೆ ನೀರು ಕೊಡುತ್ತಾರಲ್ಲ, ಆಗ ಎರಡು ಕೈಯಲ್ಲೂ ಲೋಟ ಹಿಡಿಯುತ್ತೇನೆ. ನೋಡಿದರೆ ನೋಡಲಿ. ಇವತ್ತು ನೋಡಲು ಬಂದವಳು ನಾನು.

ಬಾಗಿಲಲ್ಲಿ ಮುದುಕಿಯೊಬ್ಬಳು ರಾಟೆಗೆ ನೂಲು ಸುತ್ತುತ್ತಿದ್ದಳು. ಓಬಳೇಶನ ತಾಯಿ ಹೊನ್ನಕ್ಕ. 'ಎವರಮ್ಮಾ? ಯಾರು? ಸೀರೆ ನೋಡೋಕೆ ಬಂದ್ಯಾ ತಾಯಿ? ಬಾ, ಒಳಗೈತೆ' ಎಂದಳು. ಒಳಗೆ, ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು, ಇಪ್ಪತ್ತೈದರ ಆಸುಪಾಸಿನ ಹುಡುಗಿಯೊಬ್ಬಳು ಲಾಳಿ ಎಸೆಯುತ್ತಿದ್ದಳು.

'ಸೀರೆಗಲ್ಲ. ಓಬಳೇಶ್ ಅವರನ್ನು ನೋಡಬೇಕಿತ್ತು. ನಾನು ಚಳ್ಳಕೆರೆಯಿಂದ… ಮಂಗಳಗೌರಿ ಅಂತ.'

ಲಾಳಿ ಅರ್ಧ ದಾರಿಯಲ್ಲಿ ನಿಂತಿತು. ಹುಡುಗಿ ಗುಂಡಿಯಿಂದ ಮೇಲೆ ಬರದೆ, ಅಲ್ಲಿಂದಲೇ, ಸೊಂಟದ ಮಟ್ಟದಲ್ಲಿದ್ದ ನೆಲದ ಮೇಲೆ ಎರಡೂ ಕೈ ಊರಿ ಅವಳನ್ನು ನೋಡಿತು. 'ಅಕ್ಕ. ನಾನು ದಿವ್ಯಾ. ಅವನ ತಂಗಿ. ಅಣ್ಣ ಇಲ್ಲಕ್ಕ.'

'ಎಷ್ಟೊತ್ತಿಗೆ ಬರ್ತಾರೆ?' ಅಂದುಬಿಟ್ಟಳು ಮಂಗಳಗೌರಿ. ಅಂದ ಮೇಲೆ ಹುಡುಗಿಯ ಮುಖ ನೋಡಿದಳು. ರಾಟೆಯ ಸದ್ದು ನಿಂತಿತ್ತು.

'ಕಾಮಾಲೆ ಆಗಿತ್ತಮ್ಮ' ಎಂದಳು ಹೊನ್ನಕ್ಕ ಬಾಗಿಲಿಂದಲೇ. 'ಸೊಪ್ಪಿನ ಔಷಧಿ ಕುಡಿಸಿದ್ವಿ, ಬಳ್ಳಾರಿಗೂ ಕರಕೊಂಡು ಹೋದ್ವಿ. ದೀಪಾವಳಿ ಪಾಡ್ಯದ ದಿನ ಹೋಗಿಬಿಟ್ಟ.'

ಚಾಪೆ ಹಾಸಿದರು. ಕೂತಳು. ಮನಸ್ಸು ಒಂದು ಸಣ್ಣ ಲೆಕ್ಕಕ್ಕೆ ಅಂಟಿಕೊಂಡಿತು: ಕಾರ್ತಿಕ, ಮಾರ್ಗಶಿರ, ಪುಷ್ಯ, ಈಗ ಮಾಘ. ಸಂಕ್ರಾಂತಿಗೆ ಎಳ್ಳುಬೆಲ್ಲ ಅಂತ ಬರೆದದ್ದು ಯಾರಿಗೆ? ಸಿಟ್ಟಾ ಅಂತ ಕೇಳಿದ್ದು ಯಾರನ್ನು? ದುಃಖಕ್ಕಿಂತ ಮುಂಚೆ ನಾಚಿಕೆ ಬಂತಲ್ಲ ಅಂತ ಅದಕ್ಕೂ ನಾಚಿಕೆಯಾಯಿತು.

'ಹಂಗಾರೆ ಇಷ್ಟು ದಿನ ಸಹಿ ಹಾಕಿದ್ದು ನೀನು.'

'ನಾನೇ ಅಕ್ಕ.'

'ಅದು ಮೋಸ ಅಂತ ಗೊತ್ತಿರಲಿಲ್ವಾ? ಸತ್ತೋರ ಹೆಸರಲ್ಲಿ…'

ಉತ್ತರ ಕೊಟ್ಟವಳು ಹೊನ್ನಕ್ಕ. 'ಬೈಯಬ್ಯಾಡ ತಾಯಿ. ಮಗ್ಗಕ್ಕೆ ಏರಿಸಿದ ಹಾಸಿನ ನೂಲು ಅರ್ಧಕ್ಕೆ ಇಳಿಸಬಾರದು. ನೇಯೋನು ಹೋದ್ರೆ ಮನೆಯೋರು ಯಾರಾದ್ರೂ ಗುಂಡಿಗೆ ಇಳಿದು ಮುಗಿಸಬೇಕು. ಅರ್ಧದಾಗೆ ಕತ್ತರಿಸಿದ್ರೆ ಹೋದೋನ ಕಾಲು ಗುಂಡಿಯಾಗೇ ಉಳೀತದೆ ಅಂತಾರೆ ನಮ್ಮಾಗೆ. ನನ್ನ ಗಂಡನ ಹಾಸು ನಾನು ಮುಗಿಸಿದೆ. ಇವನ ರೇಷ್ಮೆ ಹಾಸು ಇವಳು ಮುಗಿಸಿದ್ಲು. ಆ ಕಂಪ್ಯೂಟರ್ ಪೆಟ್ಟಿಗೆಯಾಗಿಂದೂ ಹಾಸೇ ಅಂದ ಅವನು. ನಂಗೇನು ತಿಳೀತದೆ?'

'ಕಣ್ಣು ಬಿಡೋಕೆ ಆಗ್ತಿರಲಿಲ್ಲ ಅವನಿಗೆ' ಎಂದಳು ದಿವ್ಯಾ. 'ಕೀಲಿ ತೆರೆಯೋ ಗುಟ್ಟಿನ ವಾಕ್ಯ ನನ್ನ ಕಿವಿಯಾಗೆ ಹೇಳಿ, ಒಪ್ಪಿಕೊಂಡಿದ್ದು ಅರ್ಧ ಆಗೈತೆ, ಮುಗಿಸಿ ಕಳಿಸು ಅಂದ. ಮೊನ್ನೆ ಶನಿವಾರ ಕೊನೇದು ಕಳಿಸಿದೆ. ನಿಮಗೆ ಹೆಂಗೆ ಹೇಳೋದು ಅಂತ ತಿಳೀದೆ ಕೂತಿದ್ದೆ.'

'ಕಡೇ ಸಾಲು ಯಾಕೆ ಬರೀಲಿಲ್ಲ ಮತ್ತೆ?' ಕೇಳಬಾರದಿತ್ತು, ಬಾಯಿಂದ ಬಂದಾಗಿತ್ತು.

ಹುಡುಗಿ ಮೂಲೆಯ ಟ್ರಂಕಿನಿಂದ ಒಂದು ಸೀರೆ ತೆಗೆದು ಸೆರಗಿನ ತುದಿ ಬಿಡಿಸಿತು. ಮೂಲೆಯಲ್ಲಿ ಉಗುರಿನಗಲ ಜಾಗ ಖಾಲಿ. 'ಅಣ್ಣ ಇಲ್ಲಿ ಗಿಣಿಹಸಿರು ಎಳೆ ಎರಡು ಹಾಕ್ತಿದ್ದ, ಅದು ಅವನ ಗುರುತು. ಹಾಸು ನಾವು ಮುಗಿಸಬಹುದು, ಗುರುತು ಹಾಕಂಗಿಲ್ಲ. ಆ ಮೋಡದ ಮಾತೂ ಹಂಗೇ ಅಕ್ಕ. ಅದು ಅವನದು. ನೀವು ಸಿಟ್ಟಾ ಅಂತ ಕೇಳಿದ್ರಲ್ಲ, ಓದಿದೆ. ಉತ್ತರ ನನ್ನ ಪಾಲಿನದಲ್ಲ ಅಂತ ಬಿಟ್ಟೆ.' ಆಮೇಲೆ ಯಾಕೋ ನಕ್ಕಳು. 'ಗುಂಡಿಯಾಗೆ ಕೂತೋನಿಗೆ ಮುಗಿಲು ಎಲ್ಲಿ ಕಾಣಬೇಕು? ನನ್ನ ಓಡಿಸೋನು. ಲೇ ದಿವ್ಯಾ, ಹೊರಗೆ ನೋಡಿ ಬಾ, ಮೋಡ ಐತಾ? ಸರಿಯಾಗಿ ನೋಡು, ಸುಳ್ಳು ಬರೆಯಂಗಿಲ್ಲ, ಅವರು ಎದ್ದು ಹೋಗಿ ನೋಡಿ ಬರೀತಾರೆ ಅನ್ನೋನು.'

ಎದ್ದು ಹೋಗಿ ನೋಡುವುದು ಅವನಿಗೆ ಹೇಗೆ ಗೊತ್ತು? ಅವಳು ಎಂದೂ ಬರೆದಿರಲಿಲ್ಲ. ಲೋಟದ ನೀರು ಮುಂದೆ ಇತ್ತು. ಬಲಗೈಯಲ್ಲಷ್ಟೇ ಹಿಡಿದುಕೊಂಡಿದ್ದಳು.

'ಅವನು ಬಂದಿದ್ದನಕ್ಕ' ಎಂದಳು ದಿವ್ಯಾ ಮೆಲ್ಲಗೆ. 'ಶ್ರಾವಣದ ಮಂಗಳವಾರ. ನೀವು ಇರಲ್ಲ ಅಂದಿದ್ರಿ, ಆದ್ರೂ ಊರಾದ್ರೂ ನೋಡಿ ಬರ್ತೀನಿ ಅಂತ ಹೋದ. ಎದುರಿಗೆ ಸೈಕಲ್ ಶಾಪ್ ಐತಂತಲ್ಲ, ಅಲ್ಲಿ ನಿಂತಿದ್ದನಂತೆ. ಹುಡುಗೇರು ಹೊರಗೆ ಬಂದ್ರು, ಒಳಗಿಂದ ಯಾರೋ ಶಟರ್ ಎಳೆದ್ರು, ಕೈ ಕಂಡ್ತು ಅಂದ. ಸೈಕಲ್ ಶಾಪಿನೋರು, ಮೇಡಂ ಒಳಗೇ ಅದಾರೆ, ಮುಗಿಲು ನೋಡೋಕೆ ಬರ್ತಾರೆ, ನಿಲ್ರಿ ಅಂದ್ರಂತೆ. ನಿಲ್ಲಲಿಲ್ಲ. ಬ್ಯಾಡ ಅಂದೋರ ಬಾಗಿಲು ಬಡಿಯಬಾರದು ಅಂತ ಬಂದುಬಿಟ್ಟ. ಸಂಜೆಗೆ ನಾನು ಹೊರಗೆ ಹೋಗಿ ನೋಡಿ, ಇಲ್ಲಿ ಮೋಡ ಐತೆ ಅಂದೆ. ಇಲ್ಲಿಂದು ಬಿಡು, ಅಲ್ಲಿ ಇತ್ತು, ನಾನೇ ನೋಡಿದೆ ಅಂದ.'

ಕತ್ತಲಲ್ಲಿ ಕೂತಿದ್ದ ಆ ಮಧ್ಯಾಹ್ನ ಹೊರಗೆ ಯಾರೋ ಕೆಮ್ಮಿದ್ದರು. ಕೆಂಚಣ್ಣನ ಗಿರಾಕಿ ಅಂದುಕೊಂಡಿದ್ದಳು. ಒಂದು ತಗಡಿನ ಆ ಕಡೆ ಈ ಕಡೆ. ಎಡಗೈಯಲ್ಲೇ ಎಳೆದಿದ್ದಳು ಶಟರನ್ನು, ಬಲಗೈಯಲ್ಲಿ ಬೀಗವಿತ್ತು. ಹಾಗಾದರೆ ಕಂಡದ್ದು ಅದೇ ಕೈ. 'ಕೈ ನೋಡಿ ಏನಂದ್ರು?' ಅವಳು ಲೋಟ ಕೆಳಗಿಟ್ಟು ಕೇಳಿದಳು.

'ಏನೂ ಅನ್ನಲಿಲ್ಲ. ಪೆಟ್ಟಿಗೆ ಮುಂದೆ ಕೂತ.' ದಿವ್ಯಾ ಎದ್ದು ಕಂಪ್ಯೂಟರಿನ ಮೇಲಿನ ಬಟ್ಟೆ ತೆಗೆದು, ಹಚ್ಚಿ, ಕಾದಳು. 'ಇದನ್ನು ತೋರಿಸಬೇಕೋ ಬ್ಯಾಡವೋ ಗೊತ್ತಿಲ್ಲ.'

ಗಾಜಿನ ಮೇಲೆ ಮಂಗಳಗೌರಿಯ ಹೆಸರು, ಅವಳ ಕೀಲಿ. ಅದರ ಕೆಳಗೆ ಒಂದು ಸಹಿ: ಓಬಳೇಶ್, ಮೊಳಕಾಲ್ಮೂರು. ಆ ಮಂಗಳವಾರದ ತಾರೀಖು. ಗುರುತಿನ ಚೀಟಿ ನೋಡಿಲ್ಲ, ಬೆರಳಚ್ಚು ಓದಿಸಿಲ್ಲ, ಮುಖ ಕಂಡಿಲ್ಲ. ನಿಯಮದ ಪ್ರಕಾರ ಶುದ್ಧ ತಪ್ಪು. ಅದು ಅವನಿಗೂ ಗೊತ್ತಿತ್ತು. ಯಾಕೆಂದರೆ ಸಹಿಯ ಪಕ್ಕದಲ್ಲಿ ಒಂದು ಸಣ್ಣ ಅಕ್ಷರವಿತ್ತು. ಆ ಅಕ್ಷರ ಇದ್ದ ಸಹಿ ಬೇರೆಯವರಿಗೆ ಸಾಕ್ಷಿಯಲ್ಲ. ಹಾಕಿದವನ ಯಂತ್ರದಲ್ಲೇ ಇರುತ್ತದೆ, ಕೀಲಿಯನ್ನು ಕಳಿಸಿದರೂ ಜೊತೆಗೆ ಹೋಗುವುದಿಲ್ಲ, ಮನೆ ಬಿಟ್ಟು ಹೊರಗೆ ಬರುವುದಿಲ್ಲ. ಇವಳು ಇವಳೇ ಅಂತ ನನಗೆ ಗೊತ್ತು, ಊರಿಗೆ ಹೇಳುವುದಿಲ್ಲ ಅಂತ ಅದರ ಅರ್ಥ. ಉಪ್ಪಿಟ್ಟು ತಿಂದು ಹೋದವರೆಲ್ಲ ನೆನಪಾದರು. ಅವರೂ ಕೈಯನ್ನೇ ನೋಡಿದ್ದರು. ಒಬ್ಬ ಮಾತ್ರ ಅದನ್ನೇ ನೋಡಿ, ಬಸ್ಸು ಹತ್ತಿ ಮನೆಗೆ ಬಂದು, ಸರಿ ಅಂತ ಸಹಿ ಹಾಕಿದ್ದ.

ಅವಳು ಪರ್ಸಿನಿಂದ ಚೀಟಿ ತೆಗೆದಳು. 'ಅವರ ಬೆರಳಚ್ಚು ಓದು.'

'ಈಗ ಯಾಕಕ್ಕ?'

'ಅದಕ್ಕೇ ಬಂದದ್ದು. ಓದು.'

ದಿವ್ಯಾ ಓದಿದಳು. ಒಂದೊಂದು ಗುಂಪಿಗೂ ಮಂಗಳಗೌರಿ 'ಹೂಂ' ಅಂದಳು. ಹೊನ್ನಕ್ಕ ಮಂತ್ರ ಕೇಳುವವಳ ಹಾಗೆ ಕೂತಿದ್ದಳು. ಎಲ್ಲವೂ ತಾಳೆಯಾಯಿತು. ಒಂದಕ್ಷರ ತಪ್ಪಿಲ್ಲ. ಸಹಿ ಹಾಕುವ ಹಾಗಿಲ್ಲ. ಎದುರಿಗೆ ಮನುಷ್ಯನಿಲ್ಲ. ವರ್ಷದಿಂದ ಮನಸ್ಸಿನಲ್ಲೇ ಎಷ್ಟೋ ಸಲ ಹಾಕಿದ್ದ ಆ ಒಂದು ಸಹಿ ಇನ್ನು ಹಾಕಲಿಕ್ಕೆ ಬರುವುದಿಲ್ಲ. ಮಾಡಬೇಕಾದ್ದು ಬೇರೆ ಇತ್ತು. 'ಕೀಲಿ ರದ್ದು ಮಾಡಬೇಕು ದಿವ್ಯಾ. ಇಲ್ಲಾಂದ್ರೆ ನಾಳೆ ಯಾರೋ ಅವರ ಹೆಸರಲ್ಲಿ ಮಾತಾಡ್ತಾರೆ. ನೀನು ಒಳ್ಳೆಯವಳು, ಎಲ್ಲರೂ ಹಂಗಿರಲ್ಲ.'

ಹುಡುಗಿ ತಲೆಯಾಡಿಸಿ ಬೆರಳಿಟ್ಟಳು. ಯಂತ್ರ ಕಾರಣ ಕೇಳಿತು. ಕೀಲಿ ಕಳ್ಳರ ಕೈಗೆ ಸಿಕ್ಕಿದೆ, ಬೇರೆ ಕೀಲಿ ಬಂದಿದೆ, ಇನ್ನು ಬಳಕೆಯಲ್ಲಿಲ್ಲ. ಇವುಗಳಲ್ಲಿ ಒಂದನ್ನು ಆರಿಸಬೇಕು. 'ತೀರಿಕೊಂಡರು ಅನ್ನೋದೇ ಇಲ್ಲವಲ್ಲಕ್ಕ' ಎಂದಳು ದಿವ್ಯಾ, ಅಲ್ಲಿಯವರೆಗೆ ಗಟ್ಟಿಯಾಗಿದ್ದವಳು ಆಗ ಅತ್ತಳು. ಬಳಕೆಯಲ್ಲಿಲ್ಲ ಅನ್ನುವುದನ್ನು ಆರಿಸಿದರು. ಬೇಕಿದ್ದರೆ ಒಂದು ಮಾತು ಬರೆಯಿರಿ ಅಂತ ಯಂತ್ರ ಖಾಲಿ ಜಾಗ ಕೊಟ್ಟಿತು. ಬಾಗಿಲ ಕಡೆಯಿಂದ ಹೊನ್ನಕ್ಕ ಅಂದಳು: 'ಹಾಸು ಮುಗೀತು ಅಂತ ಬರೀರಿ.'

ದಿವ್ಯಾಳ ಕಣ್ಣು ತುಂಬಿತ್ತು, ಅಕ್ಷರ ಕಾಣುತ್ತಿರಲಿಲ್ಲ. ಮಂಗಳಗೌರಿ ಕೀಲಿಮಣೆಯನ್ನು ತನ್ನ ಕಡೆ ಎಳೆದುಕೊಂಡಳು. ಒಂದು ಕೈಯಲ್ಲಿ ಟೈಪ್ ಮಾಡುವುದನ್ನು ಅವಳು ಯಾರಿಗೂ ಕಲಿಸಿರಲಿಲ್ಲ. ಎರಡೂ ಕೈ ಹೊರಗೆ ಬಂದವು. ಅವನು ನೂಲು ಮುಟ್ಟಿದ ಬೆರಳಲ್ಲಿ ಸವೆಸಿದ ಗುಂಡಿಗಳ ಮೇಲೆ ಬಿಳಿ ಬೆರಳು ಕಂದು ಬೆರಳು ಓಡಿ, ಆ ಎರಡು ಪದ ಬರೆದವು.

ಹೊರಡುವ ಮುಂಚೆ ದಿವ್ಯಾ ತನ್ನ ಹೆಸರಿಗೆ ಹೊಸ ಕೀಲಿ ಮಾಡಿ, ಅದನ್ನೂ ಅಣ್ಣನ ರದ್ದಾದ ಕೀಲಿಯನ್ನೂ ಒಂದು ಫ್ಲಾಪಿಗೆ ಹಾಕಿ ಕೊಟ್ಟಳು. ಮಂಗಳಗೌರಿ ಅವಳ ಗುರುತಿನ ಚೀಟಿ ನೋಡಿ, ಬೆರಳಚ್ಚು ಓದಿಸಿ ಬರೆದುಕೊಂಡಳು. ಓಬಳೇಶನ ಆ ಸಹಿಯನ್ನೂ ಫ್ಲಾಪಿಗೆ ಹಾಕಿ ಕೊಡಲಾ ಅಂತ ಹುಡುಗಿ ಕೇಳಿತು. 'ಅದು ಬರಲ್ಲಮ್ಮ. ಇಲ್ಲೇ ಇರಬೇಕು.' ಹೊನ್ನಕ್ಕ ಕುಂಕುಮ ಕೊಟ್ಟು, ಎಡಗೈಯನ್ನೇ ಹಿಡಿದುಕೊಂಡು, 'ಇನ್ನೊಂದ್ಸಲ ಬಾ' ಎಂದಳು.

ಚಳ್ಳಕೆರೆಯಲ್ಲಿ ಇಳಿದಾಗ ಹೊತ್ತು ಇನ್ನೂ ಇತ್ತು. ಶಾಲೆಯ ಶಟರನ್ನು ಪೂರ್ತಿ ಮೇಲಕ್ಕೆ ದೂಡಿ, ಒಳಗೆ ಕೂತು, ಫ್ಲಾಪಿ ಹಾಕಿ, ಊರಿಗೆ ಕಾಣುವ ಸಹಿಯನ್ನು ದಿವ್ಯಾಳ ಕೀಲಿಗೆ ಹಾಕಿದಳು. ಆಮೇಲೆ ಶ್ರಾವಣದ ಆ ಹಳೇ ಪತ್ರ ತೆಗೆದು ಮತ್ತೆ ಪರೀಕ್ಷೆಗೆ ಇಟ್ಟಳು. ಯಂತ್ರ ಮೊದಲು ಹೇಳಿತು: ಸಹಿ ಸರಿ ಇದೆ, ಓಬಳೇಶನದು. ಕೆಳಗೆ ಎಚ್ಚರಿಕೆ: ಈ ಕೀಲಿಯನ್ನು ಅದರ ಒಡೆಯರು ಹಿಂತೆಗೆದುಕೊಂಡಿದ್ದಾರೆ. ಎರಡೂ ನಿಜ. ಗುಂಪಿಗೆ ಸುದ್ದಿ ಬರೆಯಲು ಶುರುಮಾಡಿದಳು. ಓಬಳೇಶ್ ಅವರನ್ನು ಕಾಣಲು ಹೋಗಿದ್ದೆ ಅಂತ ಆರಂಭಿಸಿ, ಆದದ್ದೆಲ್ಲ ಬರೆದು, ಕಡೇ ಸಾಲಿಗೆ ಬಂದಾಗ ನಿಂತಳು. ಸುಳ್ಳು ಬರೆಯಂಗಿಲ್ಲ.

ಎದ್ದು ಬೀದಿಗೆ ಬಂದಳು. ಇಳಿಬಿಸಿಲು ಕಣ್ಣಿಗೆ ಹೊಡೆಯಿತು. ಎಡಗೈಯನ್ನು ಹಣೆಗೆ ಅಡ್ಡ ಹಿಡಿದು ಮೇಲೆ ನೋಡಿದಳು. ಎದುರಿಗೆ, ಅವನು ನಿಂತಿದ್ದ ಜಾಗದಲ್ಲಿ, ಕೆಂಚಣ್ಣ ಒಂದು ಚಕ್ರ ತಿರುಗಿಸುತ್ತ ಕೂತಿದ್ದ. 'ಏನವ್ವ, ಐತಾ ಮೋಡ?'

'ಇಲ್ಲ ಕೆಂಚಣ್ಣ' ಎಂದಳು. ಒಳಗೆ ಹೋಗಿ ಹಾಗೇ ಬರೆದಳು: ಇಲ್ಲಿ ಮೋಡ ಇಲ್ಲ. ಅಲ್ಲಿ?